ಹಳಬರು ಕೂತಿದ್ದ ಜಾಗ

ಹಳೆಯ ಫೋರ್‌ವೀಲ್ ಡ್ರೈವ್ ವ್ಯಾನಿನ ಎಂಜಿನ್ ಜೀವ ಕೈಯಲ್ಲಿ ಹಿಡಿದು ಕೂತಿತ್ತು. ತಿರುಗುವ ಶಾಫ್ಟಿನ ಸುತ್ತ ಕೂತು ಆಯಿಲ್ ತಡೆಯುವ ರಬ್ಬರ್ ಉಂಗುರ, ಅಂದರೆ ಸೀಲು, ಸವೆದು ಆಯಿಲ್ ಸೋರುತ್ತಿತ್ತು. ಬೆಟ್ಟದ ಮೇಲಿನ ಊರಿನಿಂದ ತುಂಬು ಗರ್ಭಿಣಿಯನ್ನು ಕರೆತರಬೇಕಿತ್ತು. ಅಂಗಡಿಯ ಎರಡು ಹೊಸ ಸೀಲುಗಳನ್ನು ಎಂಜಿನ್ ಕೇಳಿತು: “ಶಾಫ್ಟಿನ ಮೇಲೆ ಎಲ್ಲಿ ಕೂರುತ್ತೀರಿ?”

“ಹಳಬರು ಕೂತಲ್ಲೇ, ಸ್ವಾಮಿ. ಜಾಗ ತಯಾರಿದೆಯಲ್ಲ,” ಎಂದು ಮಿರುಗುವ ಸೀಲು ನಯವಾಗಿ ಹೇಳಿತು.

“ಅದು ಹಳಬರು ಉಜ್ಜಿ ಉಜ್ಜಿ ಕೊರೆದ ಹಳ್ಳ. ಸೋರುವುದೇ ಅಲ್ಲಿಂದ. ನಾನು ಕೂದಲೆಳೆಯಷ್ಟು ಒಳಗೆ ಕೂರುತ್ತೇನೆ,” ಎಂದಿತು ಮಂಕು ಸೀಲು.

“ಅಭ್ಯಾಸವಿಲ್ಲದ ಜಾಗ, ನನಗೆ ಉರಿಯುತ್ತದೆ,” ಎಂದು ಶಾಫ್ಟ್ ಗೊಣಗಿತು.

“ಉರಿಯಲಿ,” ಎಂದ ಎಂಜಿನ್ ಮಂಕು ಸೀಲನ್ನೇ ಆರಿಸಿತು.

ಪ್ರತಿ ತಿರುವಿನಲ್ಲೂ ಎಂಜಿನ್ ಅಳುಕುತ್ತಲೇ ಬೆಟ್ಟ ಹತ್ತಿತು. ಗರ್ಭಿಣಿ ವ್ಯಾನು ಹತ್ತುವಾಗ ಅಡಿಯ ನೆಲ ಒಣಗಿಯೇ ಇತ್ತು, ಒಂದು ಹನಿ ಆಯಿಲೂ ಬಿದ್ದಿರಲಿಲ್ಲ.

ಅಂಗಡಿಯಲ್ಲಿ ಮಿರುಗುವ ಸೀಲು ಆಗಲೇ ಇನ್ನೊಂದು ಎಂಜಿನ್ನಿಗೆ ಹೇಳುತ್ತಿತ್ತು: “ಹಳಬರು ಕೂತಲ್ಲೇ, ಸ್ವಾಮಿ.”