ಗೋಡೆಯ ಮೇಲಿನ ಹೆಸರು

ಹೊಳೆದಂಡೆಯ ಆ ಆಶ್ರಮದಲ್ಲಿ ರೋಗಿಗಳನ್ನು ಮಲಗಿಸುವ ಪಡಸಾಲೆಗೆ ಸುಣ್ಣ ಬಳಿದ ಉದ್ದನೆಯ ಗೋಡೆಯೊಂದಿತ್ತು. ಪ್ರತಿ ಚಾಪೆಯ ತಲೆದೆಸೆಗೂ ಆ ಗೋಡೆಯ ಮೇಲೆ ಇದ್ದಿಲಿನಿಂದ ರೋಗದ ಹೆಸರು ಬರೆದಿರುತ್ತಿತ್ತು. ಕಾಮಾಲೆ, ಮೂಲವ್ಯಾಧಿ, ಭಗಂದರ, ಅಸ್ಥಿಭಂಗ.

ಬರೆಯುವವರು ಗುರು ಪಂಪಯ್ಯನವರು ಒಬ್ಬರೇ. ಬರೆದವರೇ ಅಳಿಸಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ.

ಗೋಡೆ ನೋಡಿಯೇ ಎಲ್ಲ ನಡೆಯುತ್ತಿತ್ತು. ಅಡುಗೆಯವನು ಗೋಡೆ ನೋಡಿ ಗಂಜಿ ಕಾಸುತ್ತಿದ್ದ. ಮದ್ದು ಅರೆಯುವವನು ಗೋಡೆ ನೋಡಿ ಬೇರು ಆರಿಸುತ್ತಿದ್ದ. ಹೆಸರು ಬಿದ್ದ ಮೇಲೆ ಚಾಪೆಯ ಮೇಲಿದ್ದವನ ಮುಖವನ್ನು ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ನೋಡುವುದಾದರೂ ಏನಿದೆ, ಪಂಪಯ್ಯನವರು ನೋಡಿದ್ದಾರಲ್ಲ.

ರೋಗಿ ಹೊಸ್ತಿಲು ದಾಟುವುದರೊಳಗೆ ಅವರು ರೋಗದ ಹೆಸರು ಹೇಳಿಬಿಡುತ್ತಾರೆ ಎಂದು ಹತ್ತೂರಿನ ಜನ ಆಡಿಕೊಳ್ಳುತ್ತಿದ್ದರು. ಹೊಗಳಿಕೆ ಗುರುವಿನ ಕಿವಿಗೂ ಇಂಪೇ. ನಲವತ್ತು ವರ್ಷ ಅದನ್ನು ಕೇಳಿ ಕೇಳಿ, ಹೊಸ್ತಿಲು ದಾಟುವ ಮೊದಲೇ ಹೇಳಲೇಬೇಕು ಎಂಬ ಹಟ ಅವರಿಗೂ ಹತ್ತಿಕೊಂಡಿತ್ತು.

ಅವರ ಶಿಷ್ಯ ಕೊಟ್ರೇಶ ಆಶ್ರಮ ಸೇರಿ ಎಂಟು ವರ್ಷವಾಗಿತ್ತು. ಗಾಯ, ಗಡ್ಡೆ ಕೊಯ್ಯುವ ಶಸ್ತ್ರಗಳನ್ನು ಸಾಣೆ ಹಿಡಿಯುವುದು ಅವನ ಕೆಲಸ. ಮೊದಲು ಸೋರೆಕಾಯಿ ಕೊಯ್ದು ಕಲಿತ, ಆಮೇಲೆ ನೀರು ತುಂಬಿದ ತೊಗಲಿನ ಚೀಲ ಕೊಯ್ದು ಕಲಿತ. ಮನುಷ್ಯರನ್ನು ಕೊಯ್ಯಲು ಗುರುಗಳು ಇನ್ನೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನಾಲ್ಕು ಜನ ಕಂಬಳಿಯ ಜೋಳಿಗೆಯಲ್ಲಿ ಒಬ್ಬನನ್ನು ಹೊತ್ತು ತಂದರು. ಹರಿಗೋಲು ಹಾಕುವ ಹುಲಿಗೆಪ್ಪ. ಹಿಂದಿನಿಂದ ಅವನ ಹೆಂಡತಿ ಗಾಳೆಮ್ಮ ಸೆರಗು ಬಾಯಿಗೊತ್ತಿಕೊಂಡು ಓಡಿ ಬಂದಳು.

ಬಾಗಿಲಲ್ಲಿ ಆಗಲೇ ಹತ್ತು ಹನ್ನೊಂದು ಜನ ಕಾದಿದ್ದರು. ಪಂಪಯ್ಯನವರು ಹುಲಿಗೆಪ್ಪನ ಬಲಗಾಲಿಗೆ ಸುತ್ತಿದ್ದ ಬಟ್ಟೆ ನೋಡಿದರು. ಬಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪಗೆ ಎದ್ದಿದ್ದ ಗಡ್ಡೆ ನೋಡಿದರು. ಕಾಲಿನ ಗಾಯದ ನಂಜು ಮೇಲೇರಿ ಅಲ್ಲಿ ಕೀವು ಕಟ್ಟಿದೆ ಅಂದರು.

ಒಮ್ಮೆ ಮುಟ್ಟಿ ನೋಡಬೇಕೇ ಎಂದು ಕೊಟ್ರೇಶ ಕೇಳಿದ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೋ?" ಎಂದು ನಕ್ಕು ಗುರುಗಳು ಇದ್ದಿಲು ಎತ್ತಿಕೊಂಡರು. ಗೋಡೆಯ ಮೇಲೆ ಎರಡು ಶಬ್ದ ಬರೆದರು. ವಿದ್ರಧಿ, ಅಂದರೆ ಕೀವುಗಡ್ಡೆ. ಭೇದನ, ಅಂದರೆ ಅದನ್ನು ಕೊಯ್ದು ಒಡೆಯುವುದು.

ಆಮೇಲೆ ಶಿಷ್ಯನ ಕಡೆ ತಿರುಗಿದರು. "ಇವತ್ತು ನೀನ ಕೊಯ್ಯಿ. ನಾನು ಹೊಳಿಗೆ ಹೋಗಿ ಮಿಂದು ಬರ್ತೀನಿ. ಅಷ್ಟ್ರಾಗ ಸಜ್ಜು ಮಾಡಿ ಇಡು."

ಕೊಟ್ರೇಶನಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಎಂಟು ವರ್ಷ ಈ ಒಂದು ಮಾತಿಗೆ ಕಾದಿದ್ದ. ಶಸ್ತ್ರವನ್ನು ಬಿಸಿನೀರಿನಲ್ಲಿ ತೊಳೆದ, ಹತ್ತಿ ಎತ್ತಿಟ್ಟ, ಕೀವು ಹಿಡಿಯಲು ಮಣ್ಣಿನ ಬೋಗುಣಿ ತಂದಿಟ್ಟ.

ಗಾಯ ತೊಳೆಯೋಣವೆಂದು ಕಾಲಿನ ಬಟ್ಟೆ ಬಿಚ್ಚಿದ. ಬಿದಿರು ಸಿಬಿರು ಚುಚ್ಚಿದ ಹಳೆಯ ಗಾಯ ಅದು. ಪೂರ್ತಿ ಒಣಗಿ ಹಕ್ಕಳೆ ಕಟ್ಟಿತ್ತು. ನಂಜಿನ ಸುಳಿವೇ ಇರಲಿಲ್ಲ.

ಗಡ್ಡೆಯ ಮೇಲೆ ಕೈಯ ಹಿಂಬದಿ ಇಟ್ಟು ನೋಡಿದ. ಬಿಗಿದುಕೊಂಡಿತ್ತು, ಮುಟ್ಟಿದರೆ ಹುಲಿಗೆಪ್ಪ ಹಲ್ಲು ಕಚ್ಚುತ್ತಿದ್ದ. ಆದರೆ ಬಿಸಿಯಿರಲಿಲ್ಲ, ಮೇಲಿನ ಚರ್ಮ ಕೆಂಪಾಗಿರಲಿಲ್ಲ. ಕೀವುಗಡ್ಡೆಯಾದರೆ ಕೆಂಡದ ಹಾಗೆ ಸುಡಬೇಕಿತ್ತು.

ಅವನು ಹೊಳೆಗೆ ಓಡಿದ. ಗುರುಗಳು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು.

"ಗುರುಗಳೇ, ಕಾಲಿನ ಗಾಯ ಮಾಯ್ದೈತಿ. ಗಡ್ಡಿ ಸುಡವಲ್ದು. ನನಗ ಅನುಮಾನ ಬರಾಕತ್ತೈತಿ."

"ಮೊದಲನೇ ಸಲ ಶಸ್ತ್ರ ಹಿಡಿಯೋರಿಗೆಲ್ಲ ಹೆದರಿಕಿ ಆಗ್ತೈತಿ," ಎಂದರು ಪಂಪಯ್ಯನವರು, ಮುಖಕ್ಕೆ ನೀರು ಎರಚಿಕೊಳ್ಳುತ್ತ. "ಹೆದರಿಕಿಗೆ ಅನುಮಾನ ಅಂತ ಹೆಸರಿಡಬ್ಯಾಡ. ಹೋಗು."

ಆ ಮಾತು ನಾಟಿತು. ಇದು ಹೆದರಿಕೆಯೋ ಅನುಮಾನವೋ ಕೊಟ್ರೇಶನಿಗೇ ತಿಳಿಯಲಿಲ್ಲ.

ಪಡಸಾಲೆಗೆ ಬಂದವನು ಶಸ್ತ್ರ ಮುಟ್ಟಲಿಲ್ಲ. ಚಾಪೆಯ ಪಕ್ಕ ಮೊಣಕಾಲೂರಿ ಕೂತ. ಹುಲಿಗೆಪ್ಪನ ಮುಖವನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. ತುಟಿ ಒಣಗಿತ್ತು, ಕಣ್ಣು ಗುಳಿಬಿದ್ದಿತ್ತು.

"ಇದು ಯಾವಾಗ ಎದ್ದದ್ದು, ಹುಲಿಗೆಪ್ಪ?"

ಹುಲಿಗೆಪ್ಪ ತಡೆತಡೆದು ಹೇಳಿದ. ಮುಂಜಾನೆ ಹರಿಗೋಲು ಬೆನ್ನಿಗೇರಿಸುವಾಗ ಸಂದಿಯಲ್ಲಿ ಏನೋ ಜಾರಿದಂತಾಯಿತು, ಆ ಗಳಿಗೆಯಲ್ಲೇ ಎದ್ದಿತು. ಆಗಿನಿಂದ ಎರಡು ಸಲ ವಾಂತಿಯಾಗಿದೆ, ಹೊಟ್ಟೆ ಬಿಗಿದು ಗಾಳಿಯೂ ಸರಿಯುತ್ತಿಲ್ಲ. ಇಷ್ಟು ಹೇಳಿ ಅವನು ನಾಚಿಕೆಯಿಂದ ಮುಖ ಆಚೆ ತಿರುಗಿಸಿದ.

"ಮೊದಲೂ ಬರ್ತಿತ್ರೀ. ಒಂದು ವರ್ಷ ಆತು. ಭಾರ ಎತ್ತಿದ್ರ ಬರ್ತಿತ್ತು, ಅಂಗಾತ ಮಲಗಿದ್ರ ಹೋಗ್ತಿತ್ತು. ಇವತ್ತು ಹೋಗವಲ್ದು."

"ಮತ್ತ ಬಂದ ಕೂಡ್ಲೆ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲರೀ."

ಮಲಗಿದರೆ ಮಾಯವಾಗುವ ಕೀವುಗಡ್ಡೆ ಈ ಭೂಮಿಯ ಮೇಲೆ ಇಲ್ಲ. ಅದು ಕರುಳು. ಹೊಟ್ಟೆಯ ಗೋಡೆಯ ಸಂದಿನಿಂದ ಜಾರಿ ಬಂದು ಸಿಕ್ಕಿಕೊಂಡಿದೆ. ಶಾಸ್ತ್ರದಲ್ಲಿ ಅದಕ್ಕೆ ಅಂತ್ರವೃದ್ಧಿ ಎಂದು ಹೆಸರು. ಅದನ್ನು ಕೀವುಗಡ್ಡೆಯೆಂದು ಕೊಯ್ದರೆ ಕರುಳೇ ಹರಿದು, ಎರಡು ದಿನದಲ್ಲಿ ಮನುಷ್ಯ ಸಾಯುತ್ತಾನೆ. ಕೊಟ್ರೇಶ ತಲೆಯೆತ್ತಿ ಗೋಡೆ ನೋಡಿದ. ಗುರುಗಳ ದುಂಡನೆಯ ಅಕ್ಷರ ಅಲ್ಲೇ ಇತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಪಂಪಯ್ಯನವರು ಒದ್ದೆ ಪಂಚೆಯಲ್ಲೇ ಬಂದರು. ಕೊಟ್ರೇಶನ ಮೊದಲ ಶಸ್ತ್ರಕ್ರಿಯೆ ನೋಡಲು ಉಳಿದ ಶಿಷ್ಯರೂ ಬಂದು ಸುತ್ತ ನಿಂತರು.

"ಕೊಯ್ಯಿ."

ಕೊಟ್ರೇಶ ಅಲುಗಲಿಲ್ಲ.

"ಗೋಡಿ ಮ್ಯಾಲ ಏನೈತಿ, ಓದು."

"ವಿದ್ರಧಿ. ಭೇದನ."

"ಬರದೋರು ಯಾರು?"

"ತಾವು."

"ಮತ್ತ?"

"ಗೋಡಿ ಮ್ಯಾಲ ಇರೋದು ತಪ್ಪೈತಿ, ಗುರುಗಳೇ."

ಗುರುವಿಗೇ ತಿರುಮಂತ್ರ ಎಂದು ಹಿಂದೆ ನಿಂತ ಶಿಷ್ಯನೊಬ್ಬ ಗೊಣಗಿದ. ಪಂಪಯ್ಯನವರ ಮುಖ ಕೆಂಪಾಯಿತು. ಅವರು ಬಲಗೈ ಚಾಚಿದರು.

"ಶಸ್ತ್ರ ಕೊಡು. ನಾನ ಕೊಯ್ತೀನಿ."

ಕೊಟ್ರೇಶ ಶಸ್ತ್ರವನ್ನು ಎತ್ತಿ ತನ್ನ ಮೊಣಕಾಲಿನ ಕೆಳಗೆ ಅಮುಕಿ ಇಟ್ಟುಕೊಂಡ. ಎಂಟು ವರ್ಷದಲ್ಲಿ ಗುರುಗಳು ಕೇಳಿದ್ದನ್ನು ಕೊಡದೆ ಇದ್ದದ್ದು ಅದೇ ಮೊದಲು.

"ಕೊಡಂಗಿಲ್ಲ. ಅಂಗಾತ ಮಲಗಿದ್ರ ಒಳಗ ಹೋಗ್ತಿತ್ತಂತ. ಕೊಯ್ದ್ರ ಬರೋದು ಕೀವಲ್ಲ, ಕರುಳು. ಇದನ್ನ ಒಳಗ ಸರಿಸಬೇಕು."

"ನಿನ್ನ ಮಾತು ಸುಳ್ಳಾದ್ರ?"

"ಆಶ್ರಮ ಬಿಟ್ಟು ಹೋಗ್ತೀನಿ."

"ನೀನು ಆಶ್ರಮ ಬಿಡ್ತಿ. ಇವನು ಏನು ಬಿಡ್ತಾನ?"

ಗುರುಗಳ ಚಾಚಿದ ಕೈ ಹಾಗೇ ಇತ್ತು. ಕೊಟ್ರೇಶ ಅಂಗಳದ ಬಿಸಿಲು ತೋರಿಸಿ, ಅದು ಪಡಸಾಲೆಯ ಮೊದಲ ಕಂಬ ಮುಟ್ಟುವವರೆಗೆ ಬಿಡಿ, ಆಮೇಲೆ ಶಸ್ತ್ರವೂ ನಿಮ್ಮದು, ನಾನೂ ನಿಮ್ಮವನು ಎಂದು ಬೇಡಿಕೊಂಡ. ಪಂಪಯ್ಯನವರು ಕೈ ಹಿಂದಕ್ಕೆ ತೆಗೆದುಕೊಂಡರು.

ಕೊಟ್ರೇಶ ಹುಲಿಗೆಪ್ಪನ ಸೊಂಟದ ಕೆಳಗೆ ಹುಲ್ಲಿನ ಹೊರೆ ಇಟ್ಟು ತಲೆ ತಗ್ಗಾಗುವಂತೆ ಮಲಗಿಸಿದ. ಮೊಣಕಾಲು ಮಡಿಸಿದ. ಬಿಸಿನೀರಿನ ಬಟ್ಟೆಯಿಂದ ಹೊಟ್ಟೆಗೆ ಶಾಖ ಕೊಟ್ಟು, ಬಾಯಿ ತೆರೆದು ಮೆಲ್ಲಗೆ ಉಸಿರಾಡು ಎಂದ. ಆಮೇಲೆ ಎರಡೂ ಕೈಯ ಬೆರಳುಗಳಿಂದ ಗಡ್ಡೆಯನ್ನು ಸುತ್ತುವರಿದು ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ನೂಕತೊಡಗಿದ.

ಜೋರು ಮಾಡಿದರೆ ಒಳಗೇ ಹರಿಯುತ್ತದೆ. ಮೆಲ್ಲಗೆ ಮಾಡಿದರೆ ಸರಿಯುವುದಿಲ್ಲ. ಅವನ ಹಣೆಯ ಬೆವರು ಹುಲಿಗೆಪ್ಪನ ಹೊಟ್ಟೆಯ ಮೇಲೆ ಬಿತ್ತು.

ಬಿಸಿಲು ಅಂಗಳ ದಾಟಿತು. ಗಡ್ಡೆ ಇದ್ದಲ್ಲೇ ಇತ್ತು.

ಹುಲಿಗೆಪ್ಪ ನರಳಿದ. ಗಾಳೆಮ್ಮನಿಗೆ ತಡೆಯಲಾಗಲಿಲ್ಲ. "ಗುರುಗಳು ಬರದಾರಲ್ರೀ ಯಪ್ಪಾ. ಬರದಂಗ ಕೊಯ್ದುಬಿಡ್ರಿ. ಯಾಕ ಕೊಲ್ತೀರಿ ಅವನ್ನ?" ಎಂದು ಕೊಟ್ರೇಶನ ಭುಜ ಹಿಡಿದು ಅಲ್ಲಾಡಿಸಿದಳು.

ತಾನು ತಪ್ಪಿರಬಹುದೆಂದು ಅವನಿಗೆ ಆಗ ಅನ್ನಿಸಿತು. ಹೆದರಿಕೆಗೇ ಅನುಮಾನವೆಂದು ಹೆಸರಿಟ್ಟಿದ್ದರೆ? ನಲವತ್ತು ವರ್ಷದ ಕಣ್ಣು ಎಲ್ಲಿ, ಸೋರೆಕಾಯಿ ಕೊಯ್ದ ತಾನೆಲ್ಲಿ. ಅಳು ಬಂತು. ಆದರೂ ಬೆರಳು ತೆಗೆಯಲಿಲ್ಲ.

ಬಿಸಿಲು ಕಂಬ ಮುಟ್ಟಿತು. ಎಲ್ಲರೂ ಪಂಪಯ್ಯನವರ ಕಡೆ ನೋಡಿದರು.

ಪಂಪಯ್ಯನವರು ಬಗ್ಗಿದರು. ಶಸ್ತ್ರಕ್ಕೆ ಕೈ ಹಾಕುತ್ತಾರೆಂದು ಕೊಟ್ರೇಶ ಮೊಣಕಾಲು ಇನ್ನಷ್ಟು ಬಿಗಿಯಾಗಿ ಊರಿದ. ಅವರು ಶಸ್ತ್ರ ನೋಡಲೂ ಇಲ್ಲ, ಗಡ್ಡೆಯ ಮೇಲೆ ಕೈಯ ಹಿಂಬದಿ ಇಟ್ಟು ನೋಡಿದರು. ನೆಲದ ಮೇಲೆ ಕೂತು, ಹುಲ್ಲಿನ ಹೊರೆ ಪಕ್ಕಕ್ಕೆ ತಳ್ಳಿ, ಹುಲಿಗೆಪ್ಪನ ಸೊಂಟವನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅವನ ಎರಡು ಕಾಲನ್ನೂ ತಮ್ಮ ಹೆಗಲಿಗೇರಿಸಿಕೊಂಡರು. ಹೊರೆಗಿಂತ ಅದು ಒಂದು ಗೇಣು ಎತ್ತರವಾಯಿತು.

"ಈಗ ನೂಕು," ಎಂದರು.

ಕೊಟ್ರೇಶ ನೂಕಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಬೆರಳಿನಡಿ ಗಡ್ಡೆ ಸ್ವಲ್ಪ ಮೆತ್ತಗಾಯಿತು. ಇನ್ನೊಂದು ಉಸಿರಿಗೆ ಗುಳುಗುಳು ಎಂದು ಸದ್ದು ಮಾಡುತ್ತ ಒಳಕ್ಕೆ ಸರಿದು ಹೋಯಿತು. ಬೆರಳಿನಡಿ ಬರೀ ಚರ್ಮ ಉಳಿಯಿತು.

ಹುಲಿಗೆಪ್ಪ ಉದ್ದಕ್ಕೆ ಉಸಿರು ಬಿಟ್ಟ. ಸ್ವಲ್ಪ ಹೊತ್ತಿಗೆ ಬಾಯಾರಿಕೆ ಅಂದ. ಗಾಳೆಮ್ಮ ಅವನ ಪಾದ ಹಿಡಿದುಕೊಂಡು ಅತ್ತಳು.

ಗುರುಗಳು ತಪ್ಪಿರಲಾರರು ಎಂದೇ ಕೊಟ್ರೇಶನ ಮನಸ್ಸು ಇನ್ನೂ ಹಟ ಹಿಡಿದಿತ್ತು. ತಾವು ನನ್ನನ್ನು ಪರೀಕ್ಷೆ ಮಾಡಿದಿರಿ ಅಲ್ಲವೇ ಎಂದು ಮೆಲುದನಿಯಲ್ಲಿ ಕೇಳಿದ. ಹೌದು ಎಂದುಬಿಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು, ಗುರುಗಳ ಮಾನವೂ ಉಳಿಯುತ್ತಿತ್ತು.

"ಇಲ್ಲ," ಎಂದರು ಪಂಪಯ್ಯನವರು. "ನಾನು ಕೊಂದಿರ್ತಿದ್ದೆ."

ಅವರು ಎದ್ದು ಹೋಗಿ ಒದ್ದೆ ಪಂಚೆಯ ಚುಂಗಿನಿಂದ ಗೋಡೆ ಒರೆಸಿದರು. ಇದ್ದಿಲು ಕಲೆಸಿ ಅಲ್ಲೊಂದು ಬೂದು ಮಚ್ಚೆ ಉಳಿಯಿತು. ಕೊಟ್ರೇಶನಿಗೆ ಸಮಾಧಾನವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಅವನು ಇದ್ದಿಲು ಎತ್ತಿಕೊಂಡ. ಇನ್ನು ಅಂತ್ರವೃದ್ಧಿ ಎಂದು ಬರೆಯಲೇ ಎಂದು ಕೇಳಿದ.

ಗುರುಗಳು ಇದ್ದಿಲನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟರು. ಬಾಗಿಲಲ್ಲಿ ಕಾದಿದ್ದವರಿಗೆ ಇನ್ನೂ ಸ್ವಲ್ಪ ಕೂತಿರಿ ಎಂದು ಸನ್ನೆ ಮಾಡಿದರು. ಹಿಂದಕ್ಕೆ ಬಂದು ಹುಲಿಗೆಪ್ಪನ ಚಾಪೆಯ ಪಕ್ಕ ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವನ ಮುಖ ನೋಡಿದರು.

"ಏನಾತು ಅಂತ ಮೊದಲಿಂದ ಹೇಳಪ್ಪ. ನನಗ ಪುರುಸೊತ್ತೈತಿ."