ಭದ್ರಿ ಆನೆ ಒಪ್ಪಿದ ಆಳು

ಕಾಲು ಒಳಗೆ ಎಳ್ಕೋ ಪುಟ್ಟಾ, ಕಂಬಳಿ ಹೊದ್ಕೋ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಅರಸರ ಮನೆ ಬಾಗಿಲಲ್ಲಿ ಆನೆ ಕಟ್ತಿದ್ದ ಕಾಲದಲ್ಲಿ, ಮಾಚ ಅಂತ ಒಬ್ಬ ಇದ್ದನಂತೆ. ಕೆಟ್ಟವನಲ್ಲ, ಆದ್ರೆ ಸಿಟ್ಟು ಮೂಗಿನ ತುದೀಲೇ ಇರ್ತಿತ್ತಂತೆ. ಒಂದಿನ ಅಣ್ಣನ ಜೊತೆ ಜಗಳ ಆಡಿ ಅವನ ಹುಲ್ಲಿನ ಬಣವೆಗೆ ಬೆಂಕಿ ಇಟ್ಟುಬಿಟ್ಟನಂತೆ. ಗಾಳಿ ಬೀಸ್ತು, ಬೆಂಕಿ ಕೊಟ್ಟಿಗೆಗೆ ಹತ್ತಿಕೊಳ್ತು, ಒಳಗೆ ಕಟ್ಟಿದ್ದ ಹಸು ಕೂಗ್ತು. ಮಾಚನೇ ಬಿಡಿಸೋಕೆ ಓಡಿದನಂತೆ, ಅಷ್ಟೊತ್ತಿಗೆ ಹಸು ಸತ್ತೇಹೋಗಿತ್ತು. ರಾಜ ಅವನನ್ನ ಸೆರೆಮನೆಗೆ ಹಾಕಿಸಿದನಂತೆ.

ಎಷ್ಟೋ ವರ್ಷ ಆದಮೇಲೆ ಬಿಟ್ರು. ಊರಿಗೆ ಹೋಗೋಕೆ ಮುಖ ಇಲ್ಲ. ಬೇರೊಂದು ಊರಲ್ಲಿ ಗಾಣದವನ ಹತ್ರ ಹೋಗಿ ಕೆಲಸ ಕೇಳಿದನಂತೆ. ಎಲ್ಲಿದ್ದೆಯಪ್ಪಾ ಇಷ್ಟು ದಿನ ಅಂದ್ರೆ, ವ್ಯಾಪಾರಕ್ಕೆ ಹೋಗಿದ್ದೆ ಅಂತ ಸುಳ್ಳು ಹೇಳಿದ. ಸಂತೇಲಿ ಯಾರೋ ಗುರುತು ಹಿಡಿದ್ರು, ಗಾಣದವನು ಆಚೆ ಹಾಕಿದ. ಆಮೇಲೆ ಕುಂಬಾರರ ಮನೆಗೆ ಹೋದನಂತೆ. ಅಲ್ಲಿ ಸೆರೇಲಿದ್ದೆ ಅಂದ, ಯಾಕೆ ಅನ್ನೋದನ್ನ ನುಂಗಿಕೊಂಡ. ಕುಂಬಾರನ ಹೆಂಡ್ತಿ, ಬಾಯಿಬಿಟ್ಟು ಹೇಳಲಾರದ್ದು ಏನು ಮಾಡಿದೆಯೋ ಕಾಣೆ, ಮಕ್ಕಳಿರೋ ಮನೆ ಕಣಪ್ಪ, ಹೋಗ್ಬಾ ಅಂತ ಒಂದು ರೊಟ್ಟಿ ಕೊಟ್ಟು ಕಳಿಸಿದಳಂತೆ.

ಆಮೇಲೆ ನಡೆದೂ ನಡೆದೂ ರಾಜನ ಆನೆಲಾಯಕ್ಕೆ ಬಂದನಂತೆ. ಅಲ್ಲಿ ಪೀರಜ್ಜ ಅಂತ ಮುದುಕ ಮಾವುತ. ಸುತ್ತ ನೋಡಿದ್ರೆ ಗುಡ್ಡದಷ್ಟೆತ್ತರ ಹುಲ್ಲಿನ ಬಣವೆ! ಆದ್ರೂ ಮಾಚ ಈ ಸಲ ನಿಂತಲ್ಲೇ ಎಲ್ಲ ಹೇಳಿಬಿಟ್ಟನಂತೆ, ಬೆಂಕಿ ಇಟ್ಟಿದ್ದು, ಹಸು ಕೂಗಿದ್ದು, ಎಲ್ಲಾ. ಪೀರಜ್ಜ ಒಂದ್ಸಲ ಬಣವೆ ಕಡೆ ನೋಡಿದ, ಒಂದ್ಸಲ ಅವನ ಕಡೆ ನೋಡಿದ. ಕೊನೆಗೆ, ನಂಗೆ ಭಯ ಆಗ್ತಿದೆ ಕಣಪ್ಪ, ಸುಳ್ಳು ಯಾಕೆ ಹೇಳ್ಲಿ, ಆದ್ರೂ ಹುಲ್ಲು ಹೊರು, ಆನೆ ಒಪ್ಪಿದ್ರೆ ಇರು ಅಂದನಂತೆ.

ಅಲ್ಲಿ ಭದ್ರಿ ಅಂತ ಬಸುರಿ ಆನೆ. ಮೊದಲ ದಿನ ಮಾಚ ಹಾಕಿದ ಹುಲ್ಲನ್ನ ಅವನ ಮುಖಕ್ಕೇ ಎಸೆದಳಂತೆ. ಎರಡನೇ ದಿನ ಬೆನ್ನು ತಿರುಗಿಸಿ ನಿಂತಳಂತೆ. ಮೂರನೇ ದಿನ ಹೊತ್ತು ಮೂಡೋವಾಗ ಮರಿ ಹಾಕಿದಳು. ಮರಿ ಮೈಮೇಲಿನ ಪೊರೆ ಹರೀಲಿಲ್ಲ, ಉಸಿರಿಲ್ಲ. ಭದ್ರಿ ಘೀಳಿಟ್ಟು, ಹತ್ರ ಬಂದ ಮಾವುತರನ್ನೆಲ್ಲ ಅಟ್ಟಿಬಿಟ್ಟಳು. ಆ ಕೂಗು ಕೇಳೋಕಾಗದೆ ಮಾಚ ಅವಳ ಹೊಟ್ಟೆ ಕೆಳಗೇ ನುಗ್ಗಿ, ಪೊರೆ ಹರಿದು, ಮರಿಯ ಸೊಂಡಿಲಿಗೆ ಬಾಯಿಟ್ಟು ಊದಿದನಂತೆ. ಪೀರಜ್ಜ, ಅಯ್ಯೋ ಹೋದ ಅಂತ ಕಣ್ಣು ಮುಚ್ಚಿಕೊಂಡ. ಭದ್ರಿ ಅವನ ಮೇಲೆ ಕಾಲೆತ್ತಿದಳು ಪುಟ್ಟಾ... ಎತ್ತಿದವಳು, ಮೆಲ್ಲಗೆ ಪಕ್ಕಕ್ಕೆ ಇಟ್ಟಳಂತೆ.

ಮರಿ ಸೀನ್ತು! ನಡುಗ್ತಾ ನಡುಗ್ತಾ ಎದ್ದು ನಿಂತ್ಕೊಳ್ತು. ಎಳೆ ಬಿಸಿಲಿಗೆ ಅದರ ಮೈಯಿಂದ ಹಬೆ ಏಳ್ತಿತ್ತಂತೆ. ಲಾಯದ ಆನೆಗಳೆಲ್ಲ ಸೊಂಡಿಲೆತ್ತಿ ಒಟ್ಟಿಗೆ ಕೂಗಿದ್ವಂತೆ, ನೆಲವೇ ಗುಡುಗಿದ ಹಾಗೆ. ಮಾಚ ಅಲ್ಲೇ ಕೂತು, ನನ್ನಂಥವನ ಕಣ್ಣಿಗೂ ಇದನ್ನ ತೋರಿಸಿದನಲ್ಲಾ ದೇವರು ಅಂತ ಗಳಗಳ ಅತ್ತನಂತೆ.

ಪೀರಜ್ಜ ಅವನ ಭುಜ ಅಲ್ಲಾಡಿಸಿ, ಏಳೋ, ಅಳ್ತಾ ಕೂತ್ರೆ ಬಾಣಂತಿಗೆ ನೀರು ತರೋರು ಯಾರು, ಇನ್ಮೇಲೆ ಇವರಿಬ್ಬರನ್ನೂ ನೋಡ್ಕೊಳ್ಳೋದು ನೀನೇ ಅಂದನಂತೆ. ಮಾಚ ಕೊಡ ಎತ್ತಿಕೊಂಡು ಹೊಳೆಗೆ ಓಡಿದ. ಹಿಂದೆ ತಿರುಗಿ ನೋಡಿದ್ರೆ, ಪುಟಾಣಿ ಮರಿ ಮುಗ್ಗರಿಸ್ತಾ ಅವನ ಹಿಂದೇನೇ ಬರ್ತಿತ್ತಂತೆ. ಹಾಗೇ ಅವನು ಅಲ್ಲೇ ನೆಲೆಯಾಗಿ, ಮದುವೆಯಾಗಿ, ತಣ್ಣಗಿದ್ದನಂತೆ. ಕತೆ ಮುಗೀತು, ನಿದ್ದೆ ಬಂತು, ಕಣ್ಣು ಮುಚ್ಚು ಬಂಗಾರಾ.