ಹದವಾದ ಪಟದ ಮಾತು

ಮಾಗುಂಡಪ್ಪ ನಲವತ್ತು ವರ್ಷ ನೇಯ್ದ ಮಗ್ಗವನ್ನು ಮರುದಿನ ಬಿಚ್ಚುವವರಿದ್ದರು. "ಮೂಲ್ಯಾಗಿನ ಮಗ್ಗಾನೂ ಕಾಣಬೇಕ್ರಿ, ಕಿಡಕಿ ಆಚಿ ಬೇವಿನ ಗಿಡಾನೂ ಕಾಣಬೇಕು" ಎಂದು ಅವನು ಫೋಟೋಗ್ರಾಫರ್ ಫಕೀರೇಶನನ್ನು ಕೇಳಿಕೊಂಡ. ಫಕೀರೇಶ ಕ್ಯಾಮೆರಾವನ್ನು ಅಲುಗದಂತೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಅದೇ ನೋಟವನ್ನು ಹೊರಗಿನ ಬಿಸಿಲಿಗಾಗಿ ಒಮ್ಮೆ ಕಪ್ಪಾಗಿ, ಒಮ್ಮೆ ಹದವಾಗಿ, ಮೂಲೆಯ ಕತ್ತಲೆಗಾಗಿ ಒಮ್ಮೆ ಬೆಳ್ಳಗೆ ತೆಗೆದ. ಮನೆಗೆ ಹೋಗಿ ಮೂರನ್ನೂ ಸೇರಿಸಿ ಒಂದೇ ಪಟ ಮಾಡುವವನಿದ್ದ.

ದಾರಿಯಲ್ಲಿ ಹದವಾದ ಪಟ ಕ್ಯಾಮೆರಾಕ್ಕೆ ಹೇಳಿತು: "ಇವೆರಡೂ ಕೆಟ್ಟಿವೆ. ಯಾರಾದರೂ ನೋಡಿದರೆ ನಿನ್ನ ಹೆಸರು ಹಾಳು. ಅಳಿಸಿಬಿಡು."

"ಬೇವಿನ ಗಿಡ ಇರುವುದು ನನ್ನಲ್ಲಿ ಮಾತ್ರ" ಎಂದಿತು ಕಪ್ಪು ಪಟ.

"ಮಗ್ಗ ಇರುವುದು ನನ್ನಲ್ಲಿ ಮಾತ್ರ" ಎಂದಿತು ಬಿಳಿ ಪಟ.

ಕ್ಯಾಮೆರಾ ತನ್ನ ಹೆಸರಿಗೆ ಅಂಜಿತು. ಎರಡನ್ನೂ ಅಳಿಸಿತು.

ಮಗ್ಗ ಬಿಚ್ಚಿದ ಒಂದು ವಾರಕ್ಕೆ ಮಾಗುಂಡಪ್ಪನ ಕೈಗೆ ಉಳಿದ ಪಟ ಬಂತು. ಕಿಟಕಿಯಲ್ಲಿ ಬರೀ ಬಿಳುಪು, ಮೂಲೆಯಲ್ಲಿ ಬರೀ ಕತ್ತಲೆ, ನಡುವೆ ಬರೀ ಗೋಡೆ. ಅವನು ಬಹಳ ಹೊತ್ತು ಹುಡುಕಿದ. ಎದುರಿಗೆ ತಲೆ ತಗ್ಗಿಸಿ ನಿಂತಿದ್ದ ಫಕೀರೇಶನ ಮನಸ್ಸು ನೋಯಬಾರದೆಂದು, ಕೊನೆಗೆ ಹೇಳಿದ:

"ಗ್ವಾಡಿ ಚಲೋ ಬಂದೈತ್ರಿ."